ನಾಲ್ಕು ಎಂ.ಎಂ. ತಗಡು

ಸುಂಟಿಕೊಪ್ಪದ ಶೆಡ್ಡಿನಲ್ಲಿ ಉಮ್ಮರ್
ಪಿಕಪ್ಪಿನ ಕೆಳಗೆ ಗೋಣಿ ಹಾಸಿ
ನನ್ನನ್ನೂ ಮಲಗಿಸಿದ.
'ಬಾ ಚೋಂದಕ್ಕ, ಹನ್ನೊಂದು ವರ್ಷ ಓಡಿಸಿದ್ದೀ,
ಒಮ್ಮೆಯಾದರೂ ಇದರ ಹೊಟ್ಟೆ ನೋಡು.'

ನೋಡಿದೆ.
ಟಾರ್ಚಿನ ಬೆಳಕಲ್ಲಿ ಕೆಮ್ಮಣ್ಣು, ಗ್ರೀಸು,
ಸೈಲೆನ್ಸರಿಗೆ ಸುತ್ತಿಕೊಂಡು ಒಣಗಿದ ಒಂದೆಳೆ ಮೆಣಸಿನ ಬಳ್ಳಿ,
ಮತ್ತೆ ಗೀರುಗಳು.
ಉಮ್ಮರ್ ಬೆರಳಿಟ್ಟು ಓದಿದ, ಜಮಾಬಂದಿ ಓದುವ ಹಾಗೆ:
'ಇದು ಹಮ್ಮಿಯಾಲದ ತಿರುವು.
ಇದು ಮೋರಿ, ಕಂಟ್ರಾಕ್ಟರ್ ಅರ್ಧಕ್ಕೆ ಬಿಟ್ಟದ್ದು.
ಇದು ಆನೆಕಂದಕ ದಾಟಿದ್ದು. ದಾಟಬಾರದಿತ್ತು.
ಇದು...'
ಅಲ್ಲಿ ಬೆರಳು ನಿಂತಿತು.
ಚೇಂಬರಿನ ತಳದಲ್ಲಿ
ನಗುವ ಬಾಯಿಯಷ್ಟಗಲ ಸೀಳು.

ಅದು ಆ ಗುರುವಾರದ್ದು.
ಹೂಮಳೆ ಬಿದ್ದು ಏಳನೆಯ ದಿನ.
ನಾಳೆ ರೊಬಸ್ಟ ಅರಳುತ್ತದೆಂದು
ಮಾದಾಪುರದಾಚೆಯ ತೋಟದಿಂದ ಫೋನು.
ಹೊರಗೆ ಹೋದ ಕಡೆಯ ಹುಳವೂ ಮನೆ ಸೇರಿದ ಮೇಲೆ
ಬಾಗಿಲಿಗೆ ಬಲೆ ಬಡಿದು
ಮೂವತ್ತಾರು ಪೆಟ್ಟಿಗೆ ಹೇರಿದೆವು, ನಾನೂ ಪಳನಿಯೂ.
ಜೇನು ಸಾಗಿಸುವವರಿಗೆ ರಾತ್ರಿಯೊಂದೇ ರಸ್ತೆ.
ಬ್ರೇಕು ಮೆಲ್ಲಗೆ, ತಿರುವು ಮೆಲ್ಲಗೆ,
ಬೆನ್ನ ಹಿಂದೆ ಮೂವತ್ತಾರು ಮನೆ
ಒಂದೇ ಶ್ರುತಿಯಲ್ಲಿ ಗೊಣಗುತ್ತ.

ಕಲ್ಲು ದೊಡ್ಡದೇನಲ್ಲ, ಒಂದು ಚಕ್ಕೋತದಷ್ಟು.
ಸದ್ದೂ ದೊಡ್ಡದಲ್ಲ. ಟಕ್.
ಹೆಂಚಿನ ಮೇಲೆ ನೇರಳೆ ಬಿದ್ದ ಹಾಗೆ.
ಇನ್ನೂರು ಗಜ ಹೋದ ಮೇಲೆ ಕೆಂಪು ದೀಪ.
ಇಳಿದರೆ, ಬಂದ ದಾರಿಯುದ್ದಕ್ಕೂ ಕರಿಗೆರೆ,
ನಮ್ಮನ್ನು ಹುಡುಕಿ ಬರುವವರಿಗೆಂದು ಎಳೆದಿಟ್ಟಂತೆ.
ಯಾರೂ ಬರಲಿಲ್ಲ. ಟವರೂ ಇಲ್ಲ.

ಮೂರೂವರೆ.
ಬಿಸಿಲೇರಿದರೆ ಬಲೆಯೊಳಗೆ ಮೇಣ ಇಳಿಯುತ್ತದೆ,
ಮರಿಗಳು ಬೇಯುತ್ತವೆ.
ಬೇಲಿ ದಾಟಿಸಿ, ಯಾರದೋ ತೋಟದಲ್ಲಿ,
ಹೆಸರು ಗೊತ್ತಿಲ್ಲದವರ ಸಿಲ್ವರ್ ಮರಗಳ ಬುಡಕ್ಕೆ
ಒಂದೊಂದೇ ಇಳಿಸಿದೆವು,
ತಂದು ಬಿಟ್ಟುಹೋಗುವ ಕಳ್ಳರು.
ಕಡೆಯ ಬಲೆ ಕಿತ್ತಾಗ ಆರಕ್ಕೆ ಕಾಲು ಗಂಟೆ.

ಹುಳಗಳು ಹೊರಬಂದು
ಪೆಟ್ಟಿಗೆಯ ಮುಂದೆ ಸುತ್ತು ಹಾಕಿ, ಹಾಕಿ
ವಿಳಾಸ ಬರೆದುಕೊಂಡವು.
ಇನ್ನು ಹೂ ಮುಗಿಯುವವರೆಗೆ ಕದಲಿಸುವಂತಿಲ್ಲ.

ಒಂಬತ್ತಕ್ಕೆ ತೋಟದವರು ಬಂದರು, ಹೆಗಲಲ್ಲಿ ಕೋವಿ.
ಪೆಟ್ಟಿಗೆ ಎಣಿಸಿದರು. ತಲೆಯೆತ್ತಿ
ರಾತ್ರಿ ಬೆಳಗಾಗುವುದರಲ್ಲಿ ಬೆಳ್ಳಗಾದ ಗಿಡ ನೋಡಿದರು.
'ಕಾಪಿ ಆಯಿತಾ?' ಎಂದರು.
ದುಡ್ಡು ಕೊಡಬೇಕಾದವರು ಆರು ಮೈಲಿ ಆಚೆ ಬಯ್ಯುತ್ತಿದ್ದರು.
ಬಿಟ್ಟಿ ಸಿಕ್ಕವರು ಬಿಸ್ಕತ್ತನ್ನೂ ಕೊಟ್ಟರು.

ಉಮ್ಮರ್ ಕೇಳಿ ನಗಲಿಲ್ಲ, ಟೇಪು ಎಳೆದ.
ನಾಲ್ಕು ಎಂ.ಎಂ. ಶೀಟು. ಮೂರು ಸಾಲದು, ಐದು ಭಾರ.
ಮುಂದಿನಂಚು ಮೇಲಕ್ಕೆ ಬಗ್ಗಿಸಿದ, ಕಲ್ಲು ಕಚ್ಚದೆ ಜಾರಲೆಂದು.
ಛಾಸಿಗೆ ಬೆಸೆಯಲಿಲ್ಲ.
'ಬೆಸೆದರೆ ನಾಳೆ ಬಿಚ್ಚುವವರು ಯಾರು?'
ಆರು ಬೋಲ್ಟು, ನಡುವೆ ರಬ್ಬರ್ ಬುಷ್ಷು.
ಇಷ್ಟೆಲ್ಲ ಗಟ್ಟಿ ಮಾಡಿದ ಮೇಲೆ, ನಟ್ಟನಡುವೆ
ಒಂದು ತೂತು ಕೊರೆದ.
'ಇದ್ಯಾಕೆ?'
'ಹಳೆ ಆಯಿಲ್ ಇಳಿಸೋದು ಬೇಡವಾ?'
ಕಿಡಿ ಹಾರಿ ಗಡ್ಡಕ್ಕೆ ಬಿತ್ತು, ಒರೆಸಿಕೊಂಡ.
ತೂಕ ಇಪ್ಪತ್ತಮೂರು ಕಿಲೋ.
ಅಂದರೆ ಎರಡು ಪೆಟ್ಟಿಗೆ ಕಡಿಮೆ.

ವರ್ಷವಾಯಿತು. ಅದೇ ದಾರಿ, ಅದೇ ಕಲ್ಲು.
ಯಾರೂ ಎತ್ತಿ ಹಾಕಿಲ್ಲ, ನಾನೂ.
ಧಣ್!
ಕಣಿವೆಯಾಚೆಗೂ ಕೇಳುವ ಹಾಗೆ.
ಒಡೆದ ದಿನ ಇಷ್ಟು ಸದ್ದಿರಲಿಲ್ಲ.
ಮೂವತ್ತನಾಲ್ಕು ಮನೆ ಒಮ್ಮೆಗೆ ಸುಮ್ಮನಾಗಿ
ಮತ್ತೆ ಶುರುಮಾಡುತ್ತವೆ.
ಪಳನಿ ಟಾರ್ಚು ಹಿಡಿದು ಇಳಿದು
ಕರಿಗೆರೆ ಹುಡುಕುತ್ತಾನೆ.
ಇಲ್ಲ.

ಬೇಲಿಯಾಚೆ ನಾಯಿ.
ಆಮೇಲೊಂದು ದೀಪ, ಆಮೇಲೆ ನಿದ್ದೆಗಣ್ಣಿನ ದನಿ:
'ಯಾರು, ಚೋಂದಮ್ಮನಾ?
ಈ ಸಲ ಇಳಿಸಲ್ವಾ?'
ಗೇರು ಇನ್ನೂ ಒಂದರಲ್ಲೇ ಇದೆ.